ಇಂದುಮತಿಗೆ ಹಗುರ ಬರಲಿಲ್ಲ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರಿಗೆ ಮೊದಲು ಕಾಫಿ ಕೊಡುವುದಿಲ್ಲ. ಎತ್ತಿದ ಮೇಲೆಯೇ ಕಾಫಿ. ಹೊಟ್ಟೆ ತುಂಬ ಕುಡಿದು ಎತ್ತಲು ಹೋಗಿ, ತಲೆ ಸುತ್ತಿ ಗೋಡೆಗೆ ಒರಗಿದ ಗಂಡುಗಳನ್ನು ನಾನೇ ಕಂಡಿದ್ದೇನೆ. ಹಾಗಾಗಿ ಬಂದವರು ಚಾಪೆಯ ಮೇಲೆ ಕೂತು ಸೂರು ನೋಡುತ್ತಿರುತ್ತಾರೆ. ಹೆಣ್ಣಿನ ಕಡೆಯವರು ಮನೆಯಲ್ಲಿರುವ ಭಾರದ ಸಾಮಾನೊಂದನ್ನು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ನಡುಮನೆಯಲ್ಲಿ ಇಟ್ಟಿರುತ್ತಾರೆ. ಸಾಧಾರಣ ಮನೆಯಾದರೆ ಒರಳುಕಲ್ಲು. ಅನುಕೂಲಸ್ಥರಾದರೆ ಕಬ್ಬಿಣದ ತಿಜೋರಿ. ಹುಡುಗ ಒಂದು ಕಡೆ, ಹುಡುಗಿ ಇನ್ನೊಂದು ಕಡೆ. ಹಿರಿಯ ಹೆಂಗಸೊಬ್ಬಳು "ಹೂಂ" ಅಂದಾಗ ಇಬ್ಬರೂ ಬಗ್ಗಿ ಎತ್ತಬೇಕು. ಸಾಮಾನು ಮಂಡಿಯ ಮಟ್ಟಕ್ಕೆ ಬಂದಾಗ ಆಕೆ "ಹೆಂಗಿದೆ?" ಎಂದು ಕೇಳುತ್ತಾಳೆ. ಒಬ್ಬರಿಗೊಬ್ಬರು ಆಗಬೇಕಾದವರಾಗಿದ್ದರೆ ಒರಳುಕಲ್ಲು ಖಾಲಿ ಹೂಬುಟ್ಟಿಯಂತೆ ಮೇಲೇಳುತ್ತದೆ. ಇದನ್ನು ನಾವು ಹಗುರ ಬರುವುದು ಎನ್ನುತ್ತೇವೆ. ಇಬ್ಬರೂ "ಹಗುರ" ಎಂದರೆ ಕಾಫಿಯ ಜೊತೆ ಕೇಸರಿಬಾತು. ಒಬ್ಬರು "ಭಾರ" ಎಂದರೂ ಬರಿ ಕಾಫಿ. ಕುಡಿದವರು ಲೋಟ ಕೆಳಗಿಟ್ಟು, ಹವಾಮಾನದ ಬಗ್ಗೆ ಒಂದು ಮಾತಾಡಿ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ.

ನನ್ನದು ಹಿಟ್ಟಿನ ಗಿರಣಿ. ನನ್ನ ಹೆಂಡತಿ ಜಲಜಳನ್ನು ನೋಡಲು ಹೋದಾಗ ಅವರ ಮನೆಯಲ್ಲಿ ರಾಗಿ ತುಂಬಿದ ಮರದ ಪೆಟ್ಟಿಗೆ ಇಟ್ಟಿದ್ದರು. ನಾವಿಬ್ಬರೂ ಕೈ ಹಾಕಿದ್ದೇ ತಡ, ಅದು ಹಪ್ಪಳದ ಡಬ್ಬಿಯ ಹಾಗೆ ಎದ್ದು ಬಂತು. ನಾನು ಬೆಚ್ಚಿ ಕೈ ಬಿಟ್ಟುಬಿಟ್ಟೆ. ಒಬ್ಬರು ಕೈ ಬಿಟ್ಟರೆ ಭಾರ ಹಿಂದಿರುಗುತ್ತದೆ ಎನ್ನುವುದು ಆ ಕ್ಷಣದಲ್ಲಿ ಮರೆತೇ ಹೋಗಿತ್ತು. ಪೆಟ್ಟಿಗೆ ಜಲಜಳ ಕಾಲ ಮೇಲೆ ಬಿತ್ತು. ಇವತ್ತಿಗೂ ಮಾತಿಗೆ ಮಾತು ಬೆಳೆದಾಗ ಅವಳು ಸೀರೆಯ ನೆರಿಗೆ ಸರಿಸಿ ಕಾಲಿನ ಹೆಬ್ಬೆರಳು ತೋರಿಸುತ್ತಾಳೆ, ಅಷ್ಟೇ.

ಹಗುರ ಬಂದವರು ಜಗಳ ಆಡುವುದಿಲ್ಲ ಎಂದು ಯಾರಾದರೂ ತಿಳಿದಿದ್ದರೆ ಅವರು ನಮ್ಮೂರಿನಲ್ಲಿ ಮನೆ ಬದಲಾಯಿಸುವುದನ್ನು ನೋಡಬೇಕು. ಇಲ್ಲಿ ಸಾಮಾನು ಸಾಗಿಸಲು ಹಮಾಲರನ್ನು ಕರೆಯುವುದಿಲ್ಲ, ಗಂಡಹೆಂಡಿರನ್ನು ಕರೆಯುತ್ತಾರೆ. ಹೋದ ವರ್ಷ ಒಬ್ಬರ ಮನೆಯ ಬೀರುವನ್ನು ನಾನು ಮತ್ತು ಜಲಜ ಹೊತ್ತೊಯ್ಯುವಾಗ ಅವಳು, "ನಿಮ್ಮಮ್ಮ ಬಂದಾಗ ನಾನು ಯಾವತ್ತಾದ್ರೂ ಮುಖ ಸಿಂಡರಿಸಿದೀನಾ?" ಎಂದು ಶುರು ಮಾಡಿದಳು. "ಮೆಟ್ಲು ನೋಡ್ಕೊಂಡು ಹತ್ತು," ಎಂದೆ. "ಮೆಟ್ಲು ನೋಡ್ತಾನೇ ಇದೀನಿ, ನಾನು ಕೇಳಿದ್ದಕ್ಕೆ ಉತ್ತರ ಕೊಡಿ." ಉತ್ತರ ಕೊಡುವಷ್ಟರಲ್ಲಿ ಬೀರು ಮೂರನೆಯ ಮಹಡಿ ಸೇರಿತ್ತು. ಜಗಳಕ್ಕೂ ಹಗುರಕ್ಕೂ ಸಂಬಂಧವಿಲ್ಲ.

ಹಗುರ ಬರದವರನ್ನು ಊರು ಭಾರದವರು ಎನ್ನುತ್ತದೆ. ಅವರ ಮನೆಗೆ ಹೋದರೆ ಗೊತ್ತಾಗಿಬಿಡುತ್ತದೆ. ಬೆತ್ತದ ಕುರ್ಚಿ, ಮಡಚುವ ಮಂಚ, ಹಗ್ಗದ ಮೇಲೆ ಬಟ್ಟೆ. ಒಂಟಿಯಾಗಿ ಎತ್ತಿಡಲಾಗದ ವಸ್ತುವನ್ನು ಅವರು ಕೊಳ್ಳುವುದೇ ಇಲ್ಲ. ನನಗೆ ಮೊದಲಿನಿಂದಲೂ ಇವರ ಮೇಲೆ ಕುತೂಹಲ. ಗಿರಣಿಯಲ್ಲಿ ಹಿಟ್ಟಿಗೆ ಕಾಯುತ್ತ ಕೂತವರನ್ನು ಮಾತಿಗೆಳೆಯುವುದು ಸುಲಭ. ಬೀಸುಕಲ್ಲಿನ ಸದ್ದಿನಲ್ಲಿ ತಾವು ಹೇಳಿದ್ದು ಬೇರೆಯವರಿಗೆ ಕೇಳುವುದಿಲ್ಲ ಎಂದು ಎಲ್ಲರಿಗೂ ಧೈರ್ಯ. ಅಂಚೆ ಹಂಚುತ್ತಿದ್ದ ಸಿದ್ದಯ್ಯನನ್ನು ಕೇಳಿದೆ. "ಎತ್ತಿದ್ರೆ ತಾನೆ ಭಾರವೋ ಹಗುರವೋ ಗೊತ್ತಾಗೋದು," ಎಂದ ಆತ. "ನಾನು ಎತ್ತೋಕೇ ಹೋಗ್ಲಿಲ್ಲ. ಒಂದು ಛತ್ರಿ, ಎರಡು ಪಂಚೆ, ಒಂದು ಚೆಂಬು. ಇದನ್ನ ಎತ್ತೋಕೆ ಇನ್ನೊಬ್ರು ಬೇಕಾ?" ಬಟ್ಟೆ ಹೊಲಿಯುವ ಕಾತ್ಯಾಯಿನಿಯಮ್ಮ ಬೇರೆಯೇ ಹೇಳಿದರು. ಅವರಿಗೆ ಒಮ್ಮೆ ಹಗುರ ಬಂದಿತ್ತಂತೆ, ಯಾರದೋ ಮದುವೆ ಮನೆಯಲ್ಲಿ, ಅನ್ನದ ಹಂಡೆ ಎತ್ತುವಾಗ. ಆಚೆ ಬದಿಯಲ್ಲಿ ಕೈ ಹಾಕಿದ್ದವನು ಬೇರೆಯವಳ ಗಂಡ. "ಯಾರು ಅಂತ ಕೇಳ್ಬೇಡಪ್ಪ. ಅವರೂ ನನ್ನ ನೋಡಿದ್ರು, ನಾನೂ ನೋಡಿದೆ. ಹಂಡೆ ಇಳಿಸಿ, ಕೈ ಒರೆಸ್ಕೊಂಡು, ಬಡಿಸೋಕೆ ಹೋದೆ." ಆಮೇಲೆ ಅವರು ಯಾರ ಜೊತೆಗೂ ಏನನ್ನೂ ಎತ್ತಲಿಲ್ಲ.

ಆದರೆ ನನಗೆ ಬಿಡಿಸಲಾಗದ ಒಗಟಾಗಿದ್ದವಳು ಪಕ್ಕದಂಗಡಿಯ ಇಂದುಮತಿ. ಗಿರಣಿಗೂ ಅವಳ ಸೋಡಾ ಅಂಗಡಿಗೂ ನಡುವೆ ಒಂದೇ ಗೋಡೆ. ಅಪ್ಪ ತೀರಿಕೊಂಡ ಮೇಲೆ ಗೋಲಿ ಸೋಡಾ ತುಂಬುವ ಕೆಲಸವನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಬಾಟಲಿ ತುಂಬಿದ ಕ್ರೇಟನ್ನು ಒಬ್ಬಳೇ ಎತ್ತಿ ಸೊಂಟಕ್ಕೆ ಆನಿಸಿಕೊಂಡು, ಗಿರಾಕಿಯ ಹತ್ತಿರ ಮಾತಾಡುತ್ತ ನಿಂತಿರುತ್ತಿದ್ದಳು. ನಲವತ್ತು ಹತ್ತಿರ ಬಂದಿತ್ತು. ಅವಳು ಹಾಗೇ ಉಳಿಯಲು ಗಂಡು ಬರಲಿಲ್ಲ ಎನ್ನುವಂತಿರಲಿಲ್ಲ. ಬಂದರು, ಎತ್ತಿದರು, ಮತ್ತು ವಿಚಿತ್ರವೆಂದರೆ ಬಂದವರಿಗೆಲ್ಲ ಹಗುರ ಬಂತು. ಜವಳಿ ಅಂಗಡಿಯವರ ಮಗ "ಹಗುರ" ಎಂದ. ತೋಟಗಾರಿಕೆ ಇಲಾಖೆಯ ಗುಮಾಸ್ತ "ಅತೀ ಹಗುರ" ಎಂದ. ಗರಡಿಮನೆಯ ಪೈಲ್ವಾನನೊಬ್ಬ ಒಂದು ಕೈ ತೆಗೆದು ಮೀಸೆ ತಿರುವಿಕೊಂಡು, "ಏನಿದು, ಒಳಗೆ ಪೊಳ್ಳಾ?" ಎಂದು ಕೇಳಿದ. ಪ್ರತಿಸಲವೂ ಇಂದುಮತಿಯದು ಒಂದೇ ಮಾತು. "ಭಾರ."

ಊರು ಇದನ್ನು ಸೊಕ್ಕು ಎಂದಿತು. ನಮ್ಮ ಬೀದಿಯಲ್ಲಿ ಇಂಥ ಕಾರ್ಯಗಳನ್ನೆಲ್ಲ ನಡೆಸುವವಳು ಈರಮ್ಮಜ್ಜಿ. ಕೋಲೂರಿ ನಿಂತು "ಹೂಂ" ಎನ್ನುವ ಹಕ್ಕು ಅವಳದ್ದು. "ಗಂಡಿಗೆ ಬಂದ ಹಗುರ ಹೆಣ್ಣಿಗೆ ಬರಲ್ಲ ಅಂದ್ರೆ ಏನರ್ಥ? ಹುಡುಗಿ ಮನಸ್ಸು ಬಿಗಿ ಹಿಡ್ಕೊಂಡಿದಾಳೆ ಅಂತ ಅರ್ಥ," ಎಂದು ಅವಳು ತೀರ್ಪು ಕೊಟ್ಟಳು. ಒಂದು ದಿನ ನಾನೇ ಕೇಳಿದೆ. "ಅಲ್ಲಮ್ಮ ಇಂದು, ಬಂದೋರಿಗೆಲ್ಲ ಹಗುರ, ನಿಂಗೊಬ್ಬಳಿಗೆ ಯಾಕೆ ಭಾರ?" ಅವಳು ಬಾಟಲಿಯೊಳಗೆ ಬ್ರಷ್ ತಿರುಗಿಸುತ್ತಿದ್ದವಳು ನಿಲ್ಲಿಸಿ ನನ್ನನ್ನು ನೋಡಿದಳು. "ನನಗೂ ಅದೇ ಆಶ್ಚರ್ಯ ಅಣ್ಣ. ಇರೋದನ್ನ ಇದ್ದ ಹಾಗೆ ಹೇಳ್ತೀನಿ, ಅಷ್ಟೇ." ಮುಖದಲ್ಲಿ ಸೊಕ್ಕು ಇರಲಿಲ್ಲ. ನನಗಿದ್ದ ಕುತೂಹಲವೇ ಅವಳಿಗೂ ಇತ್ತು.

ಹೀಗಿರುವಾಗ ನಮ್ಮ ಬೀದಿಯ ಗ್ರಂಥಾಲಯಕ್ಕೆ ಹಾಲೇಶ ಎನ್ನುವವನು ವರ್ಗವಾಗಿ ಬಂದ. ಭಾರ ಎಂದರೆ ಎಲ್ಲರಿಗೂ ಭಾರವೇ ಆಗಿರುವ ಊರಿನವನು. ಸಣಕಲು ಮೈ, ಜಾರುವ ಕನ್ನಡಕ, ಯಾವ ಮಾತನ್ನೂ ಒಳಗೆ ಒಮ್ಮೆ ಓದಿಕೊಂಡು ಆಮೇಲೆ ಆಡುವ ಸ್ವಭಾವ. ಅವನು ಬಂದ ಕೆಲವು ದಿನಕ್ಕೇ ಗ್ರಂಥಾಲಯ ಬೀದಿಯ ಆ ತುದಿಯ ಹೊಸ ಕಟ್ಟಡಕ್ಕೆ ಹೋಗಬೇಕಾಯಿತು. ಪುಸ್ತಕ ತುಂಬಿದ ಕಪಾಟುಗಳನ್ನು ನಾವು ನಾಲ್ಕಾರು ಜೋಡಿಗಳು ಸೇರಿ ಒಂದು ಬೆಳಗಿನಲ್ಲಿ ಸಾಗಿಸಿದೆವು. ಹಾಲೇಶ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಆಮೇಲೆ ಉಳಿದ ಪುಸ್ತಕದ ಗಂಟುಗಳನ್ನು, ಬೇಡವೆಂದರೂ ಕೇಳದೆ, ತಾನೇ ಒಂದೊಂದಾಗಿ ಹೊತ್ತುಕೊಂಡು ಹೋದ. ದಾರಿಯಲ್ಲಿ ಸೋಡಾ ಅಂಗಡಿ. ಪ್ರತಿ ಗಂಟಿಗೂ ಒಮ್ಮೆ ಅಲ್ಲಿ ಇಳಿಸಿ, ಬೆಂಚಿನ ಮೇಲೆ ಕೂತು, ಒಂದು ನಿಂಬೆ ಸೋಡಾ. ಸಂಜೆಯ ಹೊತ್ತಿಗೆ ಅವನ ಹೊಟ್ಟೆಯೊಳಗೆ ಗೋಲಿಗಳೇ ಉರುಳುತ್ತಿದ್ದಿರಬೇಕು.

ಗಂಟುಗಳು ಮುಗಿದರೂ ಅವನು ಬರುವುದು ನಿಲ್ಲಲಿಲ್ಲ. ಮಧ್ಯಾಹ್ನ ಗ್ರಂಥಾಲಯದ ಬಾಗಿಲು ಹಾಕಿಕೊಂಡು ಬಂದು ಕೂರುತ್ತಿದ್ದ. ಇಂದುಮತಿ ಕೆಲಸ ಮಾಡುತ್ತಲೇ ಮಾತಾಡುತ್ತಿದ್ದಳು. ಒಮ್ಮೆ ನಾನು ಗಿರಣಿ ನಿಲ್ಲಿಸಿ ಬೆಲ್ಟು ಬಿಗಿಮಾಡುತ್ತಿದ್ದಾಗ ಅವರ ಮಾತು ಗೋಡೆ ದಾಟಿ ಬಂತು.

"ನಿಮ್ಮೂರಲ್ಲಿ ಹೆಂಗೆ ಮದ್ವೆ ಆಗ್ತಾರೆ?" ಇಂದುಮತಿ ಕೇಳಿದಳು.

"ಜಾತಕ ನೋಡ್ತಾರೆ. ಇಲ್ಲ ಅಂದ್ರೆ ಇಷ್ಟಪಟ್ಟು ಆಗ್ತಾರೆ."

"ಎತ್ತಿ ನೋಡದೆ?"

"ಎತ್ತಿ ನೋಡದೆ."

"ಆಮೇಲೆ ಭಾರ ಅಂತ ಗೊತ್ತಾದ್ರೆ?"

ಹಾಲೇಶ ಬಾಟಲಿಯನ್ನು ಬೆಂಚಿನ ಮೇಲಿಟ್ಟ ಸದ್ದಾಯಿತು. "ಆಗುತ್ತೆ. ಬಹಳ ಜನಕ್ಕೆ ಆಗುತ್ತೆ. ಕೂಲಿಯವರನ್ನ ಕರೀತೀವಿ."

ಇಂದುಮತಿ ನಕ್ಕದ್ದು ಕೇಳಿಸಿತು. ಅವಳು ನಗುವುದು ಅಪರೂಪವೇನಲ್ಲ, ಆದರೆ ನಕ್ಕು ಮುಗಿಸಿದ ಮೇಲೂ ಮತ್ತೆ ಸಣ್ಣಗೆ ನಕ್ಕದ್ದು ಹೊಸದು. "ಮತ್ತೆ ನಿಮಗ್ಯಾಕೆ ಆಗಿಲ್ಲ?" ಎಂದು ಕೇಳಿದಳು.

"ಕೇಳೋದು ತಡ ಆಯ್ತು. ಪ್ರತಿ ಸಲಾನೂ. ನಾನು ಮಾತು ಜೋಡಿಸ್ಕೊಂಡು ಹೋಗೋ ಹೊತ್ತಿಗೆ ಅವರು ಲಗ್ನಪತ್ರಿಕೆ ಕೈಗಿಟ್ಟು, ತಪ್ಪದೇ ಬನ್ನಿ ಅಂದುಬಿಡೋರು. ಎರಡು ಮದ್ವೇಲಿ ಬಡಿಸಿಯೂ ಬಂದಿದೀನಿ."

ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಅವನು ಈ ಸಲ ಮಾತು ಜೋಡಿಸಿಕೊಳ್ಳದೆ ಕೇಳಿಬಿಟ್ಟ. ಚಳಿಯಲ್ಲಿ ಸೋಡಾ ಕುಡಿಯುವವರು ಯಾರೂ ಇರಲಿಲ್ಲ, ಬೆಂಚು ಖಾಲಿಯಿತ್ತು. ಇಂದುಮತಿ ಇಲ್ಲವೆನ್ನಲಿಲ್ಲ. "ಇಲ್ಲಿ ಎತ್ತಬೇಕಾಗುತ್ತೆ," ಎಂದಳು. ಅವನಿಗೆ ಅದು ಗೊತ್ತಿತ್ತು. ಭಾರ ಬಂದ ಗಂಡುಹೆಣ್ಣು ಆಮೇಲೆ ಒಂದೇ ಬೆಂಚಿನಲ್ಲಿ ಕೂತು ಮಾತಾಡಿದರೆ ಊರು ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ ಎನ್ನುವುದೂ ಗೊತ್ತಿತ್ತು. ಅಂಥವರ ಮದುವೆಗೆ ಚಪ್ಪರ ಹಾಕುವವರಿಲ್ಲ, ಉಣ್ಣಲು ಬರುವವರಿಲ್ಲ, ಅಂಥ ಮದುವೆ ನಡೆದದ್ದೇ ಇಲ್ಲ. "ಘಾಟಿ ಕೆಳಗಿನ ಊರಿಗೆ ವರ್ಗ ಬೇಕಾ ಅಂತ ಮೇಲಿನವರು ಕೇಳ್ತಿದಾರೆ," ಎಂದ ಹಾಲೇಶ. "ಭಾರ ಅಂತಾದ್ರೆ ಹೂಂ ಅಂದು ಹೋಗ್ತೀನಿ. ದಿನಾ ಇಲ್ಲಿ ಬಂದು ಕೂತು ನಿಮಗೆ ಮಾತು ತರೋನಲ್ಲ."

ಅಂದಿನಿಂದ ಇಂದುಮತಿ ಬದಲಾದಳು. ಇಷ್ಟು ವರ್ಷ ಎತ್ತುವುದೆಂದರೆ ಅವಳಿಗೆ ಒಂದು ಕೆಲಸ. ಕರೆದರು, ಎತ್ತಿದಳು, ಇದ್ದದ್ದನ್ನು ಹೇಳಿದಳು, ಬಂದು ಬಾಟಲಿ ತೊಳೆದಳು. ಈಗ ಮೊದಲ ಸಲ ಹಗುರ ಬರಲಿ ಎಂದು ಆಸೆಯಾಗಿತ್ತು. ಕ್ರೇಟು ಎತ್ತುವಾಗ ನಡುವೆ ನಿಂತುಬಿಡುತ್ತಿದ್ದಳು, ಭಾರ ಎಲ್ಲಿಂದ ಬರುತ್ತದೆ ಎಂದು ಹುಡುಕುವವಳ ಹಾಗೆ. ಒಂದು ಸಂಜೆ ನಮ್ಮ ಮನೆಗೆ ಬಂದು ಜಲಜಳನ್ನು ಕೇಳಿದಳು. "ಅತ್ತಿಗೆ, ಹಗುರ ಅಂದ್ರೆ ಹೆಂಗಿರುತ್ತೆ?"

ಜಲಜ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ನಿನ್ನ ಕೈ ನಿಂಗೆ ಭಾರ ಅನ್ಸುತ್ತಾ? ತೋಳಿಗೆ ಅಂಟ್ಕೊಂಡು ದಿನವೆಲ್ಲ ನೇತಾಡ್ತಾ ಇರುತ್ತೆ, ಆದ್ರೂ ಅನ್ಸಲ್ಲ ಅಲ್ವಾ. ಹಂಗೆ."

"ಏನೂ ಅನ್ಸೋದೇ ಇಲ್ವಾ?"

"ಏನೂ ಇಲ್ಲ. ಇವರು ಆ ಕಡೆ ಹಿಡ್ಕೊಂಡಿದಾರೋ ಇಲ್ವೋ ಅಂತ ಕೆಲವು ಸಲ ಬಗ್ಗಿ ನೋಡ್ತೀನಿ."

ಇಂದುಮತಿ ಅದನ್ನು ಕೇಳಿ ಖುಷಿಪಡುತ್ತಾಳೆ ಎಂದುಕೊಂಡರೆ ಅವಳ ಮುಖ ಇನ್ನಷ್ಟು ಗೊಂದಲಕ್ಕೆ ಬಿತ್ತು. ಒಂದು ಹಿಡಿ ಅವರೆಕಾಯಿ ತಾನೂ ಸುಲಿದುಕೊಟ್ಟು ಎದ್ದುಹೋದಳು.

ಎತ್ತುವ ಕಾರ್ಯ ಭಾನುವಾರ ಬೆಳಿಗ್ಗೆ ಎಂದು ನಿಗದಿಯಾಯಿತು. ಶನಿವಾರ ಮಧ್ಯಾಹ್ನ ಇಂದುಮತಿಯೂ ಅವಳ ತಾಯಿ ಸಾವಂತ್ರಮ್ಮನೂ ಅಂಗಡಿಯ ಮುಂದಿನ ಕಲ್ಲುತೊಟ್ಟಿಯ ಹತ್ತಿರ ಬಾಟಲಿ ತೊಳೆಯುತ್ತಿದ್ದರು. ಮರುದಿನ ಎತ್ತಬೇಕಾಗಿದ್ದದ್ದೂ ಅದೇ ತೊಟ್ಟಿಯನ್ನು. ಅಲ್ಲಿ ಅವರಿಬ್ಬರ ನಡುವೆ ನಡೆದ ಮಾತನ್ನು ಈಗ ಸಾವಂತ್ರಮ್ಮ ತಾವಾಗಿಯೇ ಎಲ್ಲರಿಗೂ ಹೇಳುತ್ತಾರೆ, ಆದ್ದರಿಂದ ನಾನು ಬರೆದರೆ ತಪ್ಪಿಲ್ಲ.

"ನಾಳೆ ಹಗುರ ಅಂದ್ಬಿಡು," ಎಂದರು ಸಾವಂತ್ರಮ್ಮ.

"ಬರದೇ ಇದ್ರೆ ಹೆಂಗಮ್ಮ ಅನ್ಲಿ?"

"ಬರದೇ ನಾನು ಅನ್ಲಿಲ್ವಾ?"

ಇಂದುಮತಿಯ ಕೈಯಲ್ಲಿದ್ದ ಬಾಟಲಿ ನೀರಿನೊಳಗೆ ಜಾರಿತು. ಸಾವಂತ್ರಮ್ಮ ಅದನ್ನು ಹುಡುಕಿ ತೆಗೆದು, ಕೊಡವಿ, ಸಾಲಿಗೆ ನಿಲ್ಲಿಸಿದರು. ಆಮೇಲೆ ಸಂತೆಗೆ ಹೋಗಿ ಬಂದ ವಿಷಯ ಹೇಳುವ ದನಿಯಲ್ಲಿ ಹೇಳಿದರು. "ನಿಮ್ಮಪ್ಪ ನನ್ನ ನೋಡೋಕೆ ಬಂದಾಗ ಒರಳುಕಲ್ಲು ಇಟ್ಟಿದ್ರು. ಕಲ್ಲು ನೋಡಿದ್ದೇ ಅವರು ಒಂದು ಹೆಜ್ಜೆ ಹಿಂದೆ ಸರಿದ್ರು. ನೋಡೋಕೆ ಚೆನ್ನಾಗಿದ್ರು. ಪಾಪ ಅನ್ನಿಸ್ತು. ನಾನು ಗದ್ದೆ ಕೆಲಸ ಮಾಡಿದ ಮೈ, ಪೂರ್ತಿ ನಾನೇ ಎತ್ತಿಬಿಟ್ಟೆ. ಅವರ ಮುಖ ಹೆಂಗೆ ಅರಳ್ತು ಅಂತೀಯ. ಹಗುರ ಅಂದ್ರು. ನಾನೂ ಅಂದೆ."

"ಅಪ್ಪಂಗೆ ಗೊತ್ತಾಗಲೇ ಇಲ್ವಾ?"

"ಎಲ್ಲಿ ಗೊತ್ತಾಗುತ್ತೆ? ಯಾರ ಮನೇಲಿ ಏನೇ ಎತ್ತೋದಿರಲಿ, ನಾವು ಬರ್ತೀವಿ ಅಂತ ಮುಂದೆ ಹೋಗಿ ನಿಲ್ಲೋರು. ನಾನು ಹಿಂದಿಂದ ಸೆರಗು ಬಿಗಿದುಕೊಂಡು ಹೋಗ್ತಿದ್ದೆ. ಸೊಂಟ ಹೋಯ್ತು, ಅದನ್ನ ಹೆರಿಗೆ ಮೇಲೆ ಹಾಕ್ದೆ. ಮನುಷ್ಯ ಒಳ್ಳೆಯವರು ಕಣೇ. ಒಂದು ದಿನ ಬೈದೋರಲ್ಲ." ಅವರು ಮಗಳ ಮುಂಗೈಯನ್ನು ಒದ್ದೆ ಕೈಯಲ್ಲಿ ಹಿಡಿದರು. "ನಿಂಗೆ ನನ್ನ ಕೈ ಬಂದಿದೆ. ಬಂದ ಹುಡುಗ್ರೆಲ್ಲ ಹಗುರ ಹಗುರ ಅಂದಿದ್ದು ಯಾಕೆ ಅಂದ್ಕೊಂಡಿದೀಯ? ಇನ್ನೊಬ್ರಿಗೆ ಬಿಟ್ಟುಕೊಡೋಕೆ ನಿನ್ನ ಕೈಗೆ ಬರೋದೇ ಇಲ್ಲ. ಹೆಂಗೂ ನೀನೇ ಎತ್ತೋದು. ಎತ್ತಿ, ಹಗುರ ಅಂದ್ಬಿಡು. ಒಂದು ಮಾತು. ಆ ಪುಣ್ಯಾತ್ಮ ಊರು ಬಿಟ್ಟು ಹೋಗೋದು ತಪ್ಪುತ್ತೆ."

ಇಷ್ಟು ವರ್ಷದ ಒಗಟು ಬಾಟಲಿಗಳ ನಡುವೆ ಹೀಗೆ ಬಿಚ್ಚಿಕೊಂಡಿತು. ಇಂದುಮತಿ ಆ ರಾತ್ರಿ ಊಟ ಮಾಡುವ ಹೊತ್ತಿಗೆ ತೀರ್ಮಾನಿಸಿಯಾಗಿತ್ತು. ಸುಳ್ಳು ಹೇಳುವುದು. ಅಮ್ಮ ಹೇಳಿ ಬದುಕಿಲ್ಲವೇ? ಹಾಲೇಶ ಬೆಂಚಿನ ಮೇಲೆ ಇರುತ್ತಾನೆ. ಅದೊಂದಕ್ಕೆ ಒಂದು ಮಾತು ದೊಡ್ಡದಲ್ಲ.

ಬೆಳಿಗ್ಗೆ ತೊಟ್ಟಿಯ ನೀರು ಚೆಲ್ಲಿ, ಒರೆಸಿ, ಕುಂಕುಮ ಹಚ್ಚಿದರು. ತೊಟ್ಟಿ ಮನೆಯ ಬಾಗಿಲಿನಲ್ಲಿ ಹಿಡಿಸದ್ದರಿಂದ ಬೀದಿಯಲ್ಲೇ ಕಾರ್ಯ. ಅರ್ಧ ಬೀದಿ ಅಲ್ಲೇ ಇತ್ತು. ಸಿದ್ದಯ್ಯ ಛತ್ರಿ ಬಿಚ್ಚಿ ಬಿಸಿಲಿಗೆ ಹಿಡಿದುಕೊಂಡಿದ್ದ. ಕಾತ್ಯಾಯಿನಿಯಮ್ಮ ಸೂಜಿದಾರ ಹಿಡಿದೇ ಬಂದಿದ್ದರು. ಹಾಲೇಶ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ತೊಟ್ಟಿಯ ಆ ಬದಿಗೆ ಬಗ್ಗಿದ. ಕೈ ಹಾಕುವ ಮುಂಚೆ ಕತ್ತೆತ್ತಿ, ಮೆಲ್ಲಗೆ, "ಬೆರಳು ಜೋಪಾನ," ಎಂದ. ಇಂದುಮತಿ ತಲೆಯಾಡಿಸಿದಳು.

ಈರಮ್ಮಜ್ಜಿ "ಹೂಂ" ಎಂದಳು.

ತೊಟ್ಟಿ ನೆಲ ಬಿಟ್ಟಿತು. ಇಂದುಮತಿಯ ಕೈ ತನಗೆ ಗೊತ್ತಿದ್ದ ಕೆಲಸವನ್ನು ತಾನೇ ಮಾಡಿತು. ಕಲ್ಲಿನ ತೂಕವೆಲ್ಲ ತೋಳಿಗೆ, ಭುಜಕ್ಕೆ, ಹಿಮ್ಮಡಿಗೆ ಇಳಿಯಿತು. ಆ ಬದಿಯಲ್ಲಿ ಹಾಲೇಶನ ಹುಬ್ಬು ಮೇಲೇರಿತು. ಬಿಗಿದಿದ್ದ ಅವನ ಮುಖ ನಿಧಾನವಾಗಿ ಸಡಿಲಗೊಂಡು ಅರಳತೊಡಗಿತು. ಇಂದುಮತಿ ಅದನ್ನು ನೋಡಿದಳು. ಜವಳಿಯವನ ಮುಖ, ಗುಮಾಸ್ತನ ಮುಖ, ಪೈಲ್ವಾನನ ಮುಖ, ಎಲ್ಲ ಹೀಗೇ ಅರಳಿದ್ದವು. ಅಪ್ಪನ ಮುಖವೂ ಹೀಗೇ ಅರಳಿತ್ತಂತೆ, ಕೊನೆಯವರೆಗೂ ಹಾಗೇ ಉಳಿದಿತ್ತು. ಉಳಿದವರ ಮುಖದ ಮೇಲೆ ಅವಳು ಅದನ್ನು ಸಹಿಸಿದ್ದಳು. ಇವನ ಮುಖದ ಮೇಲೆ ಆಗಲಿಲ್ಲ. "ಏನೂ ಅನ್ನಿಸಿದ್ದೇ ಇಲ್ಲ" ಎಂದುಕೊಂಡು ಇವನೂ ಮುದುಕನಾಗುತ್ತಾನೆ, ತಾನು ಇವನ ಹಿಂದೆ ಸೆರಗು ಬಿಗಿದುಕೊಂಡು ಮನೆಮನೆಗೆ ಹೋಗುತ್ತಿರುತ್ತೇನೆ ಎನ್ನಿಸಿತು. ಅವಳು ಉಸಿರು ಬಿಟ್ಟು, ಭುಜ ಸಡಿಲಿಸಿ, ಬದುಕಿನಲ್ಲಿ ಮೊದಲ ಸಲ ತನ್ನ ಪಾಲನ್ನಷ್ಟೇ ಇಟ್ಟುಕೊಂಡು ಮಿಕ್ಕಿದ್ದನ್ನು ಆಚೆಗೆ ಬಿಟ್ಟಳು.

ಭಾರ ಅವನ ಮೇಲೆ ಹೋಯಿತು. ಹಾಲೇಶ ಒಂದು ಹೆಜ್ಜೆ ಹಿಂದಕ್ಕೆ ತೂರಾಡಿದ. ಕನ್ನಡಕ ಮೂಗಿನ ತುದಿಗೆ ಜಾರಿತು, ಕತ್ತಿನ ನರ ಉಬ್ಬಿತು. ತೊಟ್ಟಿ ಬೀಳುತ್ತದೆ ಎಂದು ಜನ ಹಿಂದೆ ಸರಿದರು. ಬೀಳಲಿಲ್ಲ.

"ಹೆಂಗಿದೆ?" ಎಂದಳು ಈರಮ್ಮಜ್ಜಿ.

"ಭಾರ," ಎಂದ ಹಾಲೇಶ.

ಬೀದಿಯೆಲ್ಲ ಅಯ್ಯೋ ಎಂದಿತು. ಆಯಿತು, ಹೋಯಿತು, ಇನ್ನು ಇಳಿಸಬೇಕು ಎಂದು ಇಂದುಮತಿ ಮಂಡಿ ಮಡಚುವಷ್ಟರಲ್ಲಿ ಅವನು ಹಲ್ಲು ಕಚ್ಚಿಕೊಂಡು ಮತ್ತೆ ಹೇಳಿದ. "ಇಳಿಸ್ಬೇಡಿ. ಹಿಡ್ಕೊಂಡಿದೀನಿ."

ಅವನು ನಿಜವಾಗಿಯೂ ಹಿಡಿದಿದ್ದ. ಇಂದುಮತಿಗೆ ಅದು ಕಲ್ಲಿನ ಮೂಲಕವೇ ಗೊತ್ತಾಗುತ್ತಿತ್ತು. ತನ್ನ ಕೈಯಲ್ಲಿ ಭಾರ ಇತ್ತು, ಆದರೆ ಅದಕ್ಕೊಂದು ಅಂಚು ಇತ್ತು. ಅಲ್ಲಿಗೆ ನಿಂತು, ಅಲ್ಲಿಂದಾಚೆಗೆ ಇನ್ನೊಬ್ಬರದಾಗಿತ್ತು. ಆ ಕಡೆಯಿಂದ ಅವನ ಕೈಯ ನಡುಕ ಸಣ್ಣಗೆ ಅವಳ ಬೆರಳಿಗೆ ಬರುತ್ತಿತ್ತು. ಇಷ್ಟು ವರ್ಷದಲ್ಲಿ ಯಾರ ಜೊತೆ ಎತ್ತಿದಾಗಲೂ ಆ ಕಡೆಯಿಂದ ಏನೂ ಬಂದಿರಲಿಲ್ಲ.

"ನಿಂಗೆ ಹೆಂಗಿದೆಯೇ?" ಎಂದಳು ಅಜ್ಜಿ.

"ಅರ್ಧ ಇದೆ ಅಜ್ಜಿ."

"ಅರ್ಧ ಅಂದ್ರೆ ಏನೇ?"

"ಅರ್ಧ ಭಾರ. ಇನ್ನರ್ಧ ಅವರ ಹತ್ರ ಇದೆ."

ಈರಮ್ಮಜ್ಜಿ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಹಗುರ ಅಂತ ಹೇಳು, ಇಲ್ಲ ಭಾರ ಅಂತ ಹೇಳು. ಅರ್ಧ ಗಿರ್ಧ ನಂಗೆ ಗೊತ್ತಿಲ್ಲ." ಬೀದಿಯಲ್ಲಿ ಮಾತು ಎದ್ದಿತು. "ಭಾರ ಅಂದ್ಮೇಲೆ ಮುಗೀತಲ್ಲ," ಎಂದ ಸಿದ್ದಯ್ಯ. "ಇಬ್ರೂ ಅಂದ್ರಪ್ಪ," ಎಂದರು ಯಾರೋ. ಆಗ ನನ್ನ ಹೆಂಡತಿ, ಅವಳ ದನಿ ಮೊದಲೇ ದೊಡ್ಡದು, "ಭಾರ ಅಂದ್ಮೇಲೂ ಇಷ್ಟು ಹೊತ್ತು ಹಿಡ್ಕೊಂಡು ನಿಂತೋರನ್ನ ಯಾರಾದ್ರೂ ನೋಡಿದೀರಾ?" ಎಂದಳು. ಯಾರೂ ನೋಡಿರಲಿಲ್ಲ. ಭಾರ ಬಂದವರು ಕೂಡಲೇ ಕೆಳಗಿಟ್ಟು ಕೈ ಕೊಡವುತ್ತಾರೆ. ಹಗುರ ಬಂದವರಿಗೆ ಹಿಡಿದುಕೊಳ್ಳುವುದು ಒಂದು ಕೆಲಸವೇ ಅಲ್ಲ. ಇವರಿಬ್ಬರು ಬೆವರುತ್ತ, ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು.

"ಇಂದುಮತಿಯವರೇ," ಎಂದ ಹಾಲೇಶ, ಉಸಿರು ಕಟ್ಟಿದ ದನಿಯಲ್ಲಿ. "ಇದನ್ನ ಎಲ್ಲಿಗಾದ್ರೂ ತಗೊಂಡು ಹೋಗೋದಿತ್ತಾ, ಇಲ್ಲ ಸುಮ್ನೆ ಎತ್ತಿದ್ದಾ?"

ಇಂದುಮತಿಗೆ ನಗು ಬಂತು, ನಕ್ಕರೆ ಕೈ ಸಡಿಲವಾಗುತ್ತದೆಂದು ತುಟಿ ಕಚ್ಚಿದಳು. "ಹಿತ್ತಲ ಬೇವಿನ ಮರದ ಕೆಳಗೆ ಇದ್ರೆ ಚೆನ್ನಾಗಿತ್ತು. ಬಿಸಿಲಲ್ಲಿ ಕೂತು ಬಾಟ್ಲಿ ತೊಳೆಯೋದು ಕಷ್ಟ."

"ಮತ್ತೆ ನಡೀರಿ."

ಅವರು ಪಕ್ಕದ ಓಣಿಯಲ್ಲಿ ಅಡ್ಡಡ್ಡ ಹೆಜ್ಜೆ ಹಾಕುತ್ತ ಹೊರಟರು. ಬೀದಿಯೂ ಹಿಂದೆಯೇ ಹೊರಟಿತು. ಓಣಿಯ ನಡುವೆ ಹಾಲೇಶ, "ಇ-ಳಿ-ಸೋಣ," ಎಂದ. ಇಳಿಸಿದರು. ಜೋಡಿಯೊಂದು ದಾರಿಯ ಮಧ್ಯೆ ಸಾಮಾನು ಇಳಿಸಿದ್ದನ್ನು ನಮ್ಮೂರು ಅದೇ ಮೊದಲು ಕಂಡದ್ದು. ಅವರಿಬ್ಬರು ತೊಟ್ಟಿಯ ಎರಡು ಅಂಚಿಗೆ ಒರಗಿ ಏದುಸಿರು ಬಿಡುತ್ತ ನಿಂತರು. ಅವನು ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡ. ಅವಳು ತನ್ನ ಅಂಗೈ ನೋಡಿಕೊಂಡಳು. "ಆಯ್ತಾ?" ಎಂದ. "ಇರಿ, ಇನ್ನೊಂಚೂರು," ಎಂದಳು. ಅಲ್ಲಿಂದ ಎತ್ತುವಾಗ ಬದಿ ಬದಲಾಯಿಸಿಕೊಂಡರು, ಅವನ ಎಡಗೈ ಸೋತಿತ್ತು.

ಎರಡನೆಯ ಸಲ ಇಳಿಸಿದ್ದು ಹಿತ್ತಲ ಬಾಗಿಲಿನಲ್ಲಿ. ಸಾವಂತ್ರಮ್ಮ ಸೊಂಟ ಹಿಡಿದುಕೊಂಡು ಅಲ್ಲಿಯವರೆಗೂ ಬಂದಿದ್ದರು. ಹಾಲೇಶನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ಅದನ್ನೇ ಬಹಳ ಹೊತ್ತು ನೋಡಿ ಅವರು ಜಲಜಳಿಗೆ ಮಾತ್ರ ಕೇಳುವಂತೆ, "ನಮ್ಮೋರು ಒಂದು ಸಲವೂ ಹಿಂಗೆ ಬೆವತಿರ್ಲಿಲ್ಲ ಕಣೇ," ಎಂದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ಬಂದು ಅವನನ್ನು ಕೇಳಿದರು. "ನಿಮ್ಮ ವರ್ಗದ್ದು ಏನಪ್ಪಾ ಮಾಡ್ತೀರಿ?"

"ಇದನ್ನ ಮರದ ಕೆಳಗೆ ಇಡೋವರೆಗೂ ಎಲ್ಲಿಗೂ ಹೋಗೋ ಹಾಗಿಲ್ಲವಲ್ಲಮ್ಮ," ಎಂದ ಹಾಲೇಶ. "ಇಟ್ಟ ಮೇಲೆ ಹೋಗೋಕೆ ಕಾಲು ಇರಲ್ಲ."

ಈರಮ್ಮಜ್ಜಿ ಕೋಲು ಊರಿಕೊಂಡು ಎಲ್ಲರಿಗಿಂತ ಹಿಂದೆ ಬಂದು ತಲುಪಿದಳು. ಇಷ್ಟು ವರ್ಷ ಎರಡೇ ಮಾತು ಹೇಳಿ ಅಭ್ಯಾಸವಾಗಿದ್ದ ಬಾಯಿ. ಅವಳ ಮುಖದಲ್ಲಿ ಕೋಪಕ್ಕಿಂತ ದಿಕ್ಕುತೋಚದ ಭಾವ ಹೆಚ್ಚಾಗಿತ್ತು. "ಎಲ್ಲ ನನ್ನ ಬಾಯಿ ನೋಡ್ತಾರಲ್ಲೇ ಇಂದು. ಊರಿಗೆ ನಾನೇನಂತ ಹೇಳ್ಲಿ?"

ಇಂದುಮತಿ ತೊಟ್ಟಿಯ ಅಂಚಿಗೆ ಕೈ ಹಾಕಿದ್ದಳು. ಆ ಕಡೆ ಹಾಲೇಶ ಆಗಲೇ ಬಗ್ಗಿ ಕಾಯುತ್ತಿದ್ದ.

"ನಡುನಡುವೆ ಇಳಿಸ್ತೀವಿ ಅಂತ ಹೇಳಿ ಅಜ್ಜಿ," ಎಂದಳು.